ಒಲೆಗೊಂದು ಮಾತು

ಸಣ್ಣಕೊಪ್ಪ, ಗೋವಿನಕೋವಿ ಹತ್ತಿರ
28–9–1947

ನಾಗೇಂದ್ರನಿಗೆ ನಿನ್ನ ಅಜ್ಜಿ ಗಾದ್ರಮ್ಮ ಬರೆಯುವುದು. ಕ್ಷೇಮದ ವಿಚಾರ ಕಡೆಗೆ ಬರೆಯುತ್ತೇನೆ, ಕಾಗದದಲ್ಲಿ ಜಾಗ ಉಳಿದರೆ.

ಚಳವಳಿಯವರನ್ನು ಹಿಡಿಯಲು ಪೊಲೀಸರು ಬರುತ್ತಾರೆ ಅಂತ ನೀನು ಹಿತ್ತಲ ಬೇಲಿ ಹಾರಿ ನನ್ನ ತವರು ಬಿಳಿಚೋಡಿಗೆ ಓಡಿದೆ. ಪೊಲೀಸರೂ ಬರಲಿಲ್ಲ, ಪಟೇಲನೂ ಬರಲಿಲ್ಲ. ಅವನು ಹೊನ್ನಾಳಿಯ ಅಳಿಯನ ಮನೆ ಸೇರಿಕೊಂಡಿದ್ದಾನೆ. ಊರು ಇನ್ನು ನಮ್ಮ ಕೈಯಲ್ಲಿ ಅಂತ ಗಂಡಸರೆಲ್ಲ ಹೆಗಲ ಮೇಲಿನ ವಲ್ಲಿ ತಲೆಗೆ ಸುತ್ತಿಕೊಂಡು ತಿರುಗುತ್ತಿದ್ದಾರೆ.

ನೀನು ಹೋಗುವ ಮುಂಚೆ ಬರೆದಿಟ್ಟ ಊರ ಕಟ್ಟಳೆಯನ್ನು ಮೊನ್ನೆ ಅರಳೀಕಟ್ಟೆಯ ಮೇಲೆ ಊರ ಸಮಿತಿಯ ಮುಂದಾಳು ಜಂಪಣ್ಣ ಓದಿದ. ಯಾರೂ ಯಾರ ಮನೆಗೂ ಬಿಟ್ಟಿ ದುಡಿಯಬಾರದು ಅಂದಾಗ ಆಚೆ ಕೇರಿಯ ತಿಪ್ಪಮ್ಮ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನನಗೂ ಸಂತೋಷವೇ ಆಯಿತು. ಆಮೇಲೆ ಬಂತು ನೋಡು ನಿನ್ನ ಬುದ್ಧಿವಂತಿಕೆ. ‘ಸಭೆಯಲ್ಲಿ ಒಲೆಗೊಂದು ಮಾತು.’ ಬೇರೆ ಒಲೆ ಹೂಡಿದವರೆಲ್ಲ ಬೇರೆ ಲೆಕ್ಕ.

ಅಷ್ಟು ಓದಿ ಜಂಪಣ್ಣ ಏನಂದ ಗೊತ್ತೋ? “ಪಟೇಲ ಬೇಲಿ ಹಾಕಿದ್ನಲ್ಲ, ಆ ಗೋಮಾಳನೂ ಈಗ ಊರಿಂದೇ. ಒಲೆಗೊಂದು ಮಾತು ಅಂದ್ಮೇಲೆ ಒಲೆಗೊಂದು ಪಾಲು. ಉತ್ಕಂಡು ಉಣ್ರಪ್ಪ.” ಅವನ ಮನೆಯಲ್ಲಿ ಅಣ್ಣತಮ್ಮಂದಿರು ಅವತ್ತಿನವರೆಗೆ ಒಂದೇ ಗಡಿಗೆಯಲ್ಲಿ ಉಂಡವರು. ಹೊತ್ತು ಇಳಿಯುವುದರೊಳಗೆ ಅವನ ಹೆಂಡತಿ ದೊಡ್ಡಕ್ಕ ಕೆಮ್ಮಣ್ಣು ಕಲಸಿ ಒಲೆ ಮೇಲೆ ಒಲೆ ಹಾಕುತ್ತ ಕೂತಿದ್ದಳು. ದನ ಎಲ್ಲಿ ಮೇಯಬೇಕು, ತಿಪ್ಪಮ್ಮನ ಆಡು ಎಲ್ಲಿ ಮೇಯಬೇಕು ಅಂತ ಕೇಳುವವರು ಯಾರೂ ಇಲ್ಲ.

ಊರನ್ನು ಅಳೆಯುವುದಕ್ಕೆ ನಿನಗೆ ಒಲೆಯೇ ಸಿಕ್ಕಿತೇನೋ?

ಗಾದ್ರಮ್ಮ

*

ಬಿಳಿಚೋಡು, ಜಗಳೂರು ತಾಲ್ಲೂಕು
6–10–1947

ಅಜ್ಜಿಗೆ ನಾಗೇಂದ್ರನ ನಮಸ್ಕಾರಗಳು.

ನಿನ್ನ ಕಾಗದವನ್ನು ಓದಿ ಮಾರಪ್ಪಜ್ಜ ನಕ್ಕೂ ನಕ್ಕೂ ಸುಸ್ತಾದರು. “ನಮ್ಮಕ್ಕ ಐಗಳ ಮಠದಾಗೆ ಜಗಲಿ ಮ್ಯಾಲೆ ಕುಂತು ಅಕ್ಷರ ಕಲಿತೋಳು, ಒಳಗೆ ಕುಂತೋರಿಗಿಂತ ಜೋರು” ಎಂದರು. ಅವರ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ.

ಒಲೆಯನ್ನೇ ಏಕೆ ಹಿಡಿದೆ ಎಂದು ಕೇಳಿದ್ದೀಯ. ನಿನಗಾಗಿಯೇ ಅಜ್ಜಿ. ಇಷ್ಟು ದಿನ ಮೈಸೂರು ಸೀಮೆಯಲ್ಲಿ ಓಟು ಇದ್ದದ್ದು ಕಂದಾಯ ಕಟ್ಟುವವರಿಗೆ, ದೊಡ್ಡ ಪರೀಕ್ಷೆ ಪಾಸಾದವರಿಗೆ. ಹೊಲ ಅಪ್ಪನ ಹೆಸರಿನಲ್ಲಿದೆ, ನೀನು ಯಾವ ಪರೀಕ್ಷೆಯನ್ನೂ ಕಟ್ಟಿಲ್ಲ. ನಿನ್ನದು ಅಂತ ಊರಿನವರೆಲ್ಲ ಒಪ್ಪುವ ವಸ್ತು ಯಾವುದು ಎಂದು ಹುಡುಕಿದೆ. ನಮ್ಮ ಮನೆಯ ಒಲೆ ನಿನ್ನದು. ಇಬ್ಬರು ಸೊಸೆಯರು ಇದ್ದರೂ ನೀನು ಹೇಳದೆ ಅದಕ್ಕೆ ಗಡಿಗೆ ಏರುವುದಿಲ್ಲ. ಆದ್ದರಿಂದ ಹಾಗೆ ಬರೆದೆ. ಊರಿನ ಸಭೆಯಲ್ಲಿ ನೀನು ಎದ್ದು ನಿಂತು ಮಾತನಾಡುವುದನ್ನು ಕಣ್ಣಾರೆ ನೋಡುವ ಆಸೆ ನನಗೆ.

ಹೊಸದು ಬಂದಾಗ ಹಿರಿಯರಿಗೆ ದಿಗಿಲಾಗುವುದು ಸಹಜ. ಜಂಪಣ್ಣನವರು ಉತ್ಸಾಹದ ಮನುಷ್ಯರು, ಚಳವಳಿಯಲ್ಲಿ ಲಾಠಿ ಏಟು ತಿಂದವರು. ಅವರ ಮೇಲೆ ಸಂಶಯ ಬೇಡ.

ನಿನ್ನ ಮೊಮ್ಮಗ
ನಾಗೇಂದ್ರಪ್ಪ

*

ಸಣ್ಣಕೊಪ್ಪ
14–10–1947

ನಾಗೇಂದ್ರ,

ನನಗೆ ದಿಗಿಲು ಅಂತ ನಿನಗೆ ಹೇಳಿದವರು ಯಾರು? ಪ್ಲೇಗು ಬಂದಾಗ ಊರೆಲ್ಲ ಗುಡಿಸಲು ಹಾಕಿಕೊಂಡು ಹೊರಗೆ ಹೋದರೂ ನಿನ್ನ ತಾತನ ಹೆಣದ ಪಕ್ಕ ಒಬ್ಬಳೇ ಕೂತಿದ್ದವಳು ನಾನು. ದಿಗಿಲಿನ ಮಾತು ನನ್ನ ಹತ್ತಿರ ಆಡಬೇಡ.

ಇಲ್ಲಿನ ಚೆಂದ ಕೇಳು. ಅಡುಗೆ ಹೊತ್ತಿಗೆ ಸಮಿತಿಯವರು ಮನೆಮನೆ ತಿರುಗಿ ಹೊಗೆ ನೋಡುತ್ತಾರೆ. ಹೊಗೆ ಕಂಡರೆ ಒಲೆ ಇದೆ, ಒಲೆ ಇದ್ದರೆ ಮಾತೂ ಇದೆ, ಪಾಲೂ ಇದೆ. ಬೇಯಿಸುವುದಕ್ಕೆ ಕಾಳಿಲ್ಲದವರೂ ಹಸಿ ಹುಲ್ಲು ತುರುಕಿ ಹೊಗೆ ಎಬ್ಬಿಸುತ್ತಿದ್ದಾರೆ. ಸಣ್ಣಪ್ಪ ತನ್ನ ಮಗನದು ಬೇರೆ ಸಂಸಾರ ಅಂತ ತೋರಿಸಲು ಕೊಟ್ಟಿಗೆಯಲ್ಲಿ ಒಲೆ ಹೂಡಿದ. ಎಮ್ಮೆ ಬೆದರಿ ಕಣ್ಣಿ ಕಿತ್ತುಕೊಂಡು ಅದೇ ಒಲೆಯನ್ನು ತುಳಿದು ಹೋಯಿತು. “ಈಗ ನನ್ನ ಮಗನ ಮಾತು ಉಳೀತೋ ಹೋತೋ ಹೇಳ್ರಪ್ಪ” ಅಂತ ಅವನು ಕಟ್ಟೆಯ ಮೇಲೆ ಪಂಚಾಯ್ತಿ ಹಾಕಿದ. ಇದು ನೀವು ತಂದ ಸ್ವರಾಜ್ಯ.

ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿದೆ. ಅದಕ್ಕಿಂತ ಹೆಚ್ಚು ಕೇಳಬೇಡ.

ಈಗ ನಾನು ಕೇಳುವುದಕ್ಕೆ ನೆಟ್ಟಗೆ ಉತ್ತರ ಕೊಡು. ಒಲೆಗೊಂದು ಮಾತು ಅಂದೆ. ಆ ಮಾತು ಯಾರದು? ಬೇಯಿಸುವವಳದೋ, ಉಂಡು ಏಳುವವನದೋ? ಜಂಪಣ್ಣ ಅದನ್ನೇ ಅಲ್ಲಿ ಇಲ್ಲಿ ಕೆದಕುತ್ತಿದ್ದಾನೆ. ಗೋಮಾಳ ಉಳಬಾರದು ಅನ್ನುವವರೆಲ್ಲ ಹೆಂಗಸರು ಅಂತ ಅವನಿಗೆ ಗೊತ್ತಾಗಿದೆ. ದಸರೆ ಕಳೆದ ಮೇಲೆ ಸಭೆ. ಒಲೆಯ ಯಜಮಾನಿ ಹೆಂಗಸಾದರೆ ಅವಳೇ ಎದ್ದು ಮಾತಾಡಬಹುದು ಅಂತ ಎರಡು ಸಾಲು ಬರೆದು, ಕೆಳಗೆ ನಿನ್ನ ರುಜು ಹಾಕಿ ಸಭೆಗೆ ಮುಂಚೆ ಕಳಿಸು. ಎರಡೇ ಸಾಲು.

ಗಾದ್ರಮ್ಮ

*

ಬಿಳಿಚೋಡು
19–10–1947

ಪ್ರೀತಿಯ ಅಜ್ಜಿ,

ಗೆದ್ದೆವು. ಮಹಾರಾಜರ ಸರ್ಕಾರದ ಜೊತೆ ಒಪ್ಪಂದವಾಗಿ ಸೆರೆಮನೆಗಳ ಬಾಗಿಲು ತೆರೆದಿದೆ. ಜಗಳೂರಿನಲ್ಲಿ ಮೆರವಣಿಗೆ ಮಾಡಿದೆವು, ನನ್ನ ಗಂಟಲು ಕಟ್ಟಿಹೋಗಿದೆ. ಇಲ್ಲಿನ ಕೆಲಸ ಮುಗಿಯುವವರೆಗೆ ಊರಿಗೆ ಬರಲಾರೆ. ಇನ್ನು ಜನರ ಮಂತ್ರಿಮಂಡಲ ಬರುತ್ತದೆ. ಆಮೇಲೆ ಇಡೀ ಮೈಸೂರಿಗೆ ರಾಜ್ಯಾಂಗ ಬರೆಯುವ ಸಭೆಯೊಂದು ಬೆಂಗಳೂರಿನಲ್ಲಿ ಕೂರುತ್ತದೆ. ರಾಜ್ಯಾಂಗ ಎಂದರೆ ನಮ್ಮ ಊರ ಕಟ್ಟಳೆಯ ಹಾಗೆ, ಇಡೀ ಸೀಮೆಗೆ. ಅಲ್ಲಿ ಬರೆಯುವ ಕೆಲಸಕ್ಕೆ ಪ್ರತಿ ತಾಲ್ಲೂಕಿನಿಂದ ಓದಿದ ಕಾರ್ಯಕರ್ತರ ಹೆಸರು ಕೇಳಬಹುದಂತೆ. ಹೊನ್ನಾಳಿಯಿಂದ ನನ್ನ ಹೆಸರು ಹೋದರೂ ಹೋಗಬಹುದು.

ನಮ್ಮ ಮನೆಯ ಒಲೆ ಉರಿಯುತ್ತಿದೆ ಎಂದು ಬರೆದಿದ್ದೀಯ. ಊರೆಲ್ಲ ಒಡೆದರೂ ನಮ್ಮ ಮನೆ ಒಂದಾಗಿ ನಿಂತಿದೆ ಎಂದು ನನಗೆ ಹೆಮ್ಮೆಯಾಯಿತು. ಅಪ್ಪನಿಗೂ ಚಿಕ್ಕಪ್ಪನಿಗೂ ನನ್ನ ಮೆಚ್ಚುಗೆ ತಿಳಿಸು.

ನೀನು ಕೇಳಿದ ಸಣ್ಣ ವಿಷಯ ತಾನಾಗಿ ಇತ್ಯರ್ಥವಾಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಾಗೇಂದ್ರ

*

ಸಣ್ಣಕೊಪ್ಪ, ಅಂಜಿನಪ್ಪನ ಮನೆಯ ಪಡಸಾಲೆ
3–11–1947

ದೊಡ್ಡ ಮನುಷ್ಯರಾದ ನಾಗೇಂದ್ರಪ್ಪನವರಿಗೆ,

ಮೇಲೆ ಬರೆದ ಜಾಗ ನೋಡಿದಿರೋ? ನೀವು ಮೆಚ್ಚುಗೆ ಕಳಿಸಿದ ಮನೆ ಈಗ ಎರಡಾಗಿದೆ. ನಿಮ್ಮ ಅಪ್ಪ ದಾಸಪ್ಪ, ಚಿಕ್ಕಪ್ಪ ಅಂಜಿನಪ್ಪ ಇಬ್ಬರೂ ಹೋದ ತಿಂಗಳೇ ನನ್ನ ಮುಂದೆ ಕೂತು, “ಅವ್ವಾ, ಒಲೆ ಎರಡಾದ್ರೆ ಗೋಮಾಳದಾಗೆ ಪಾಲು ಎರಡು. ಹೆಸರಿಗೆ ಬೇರೆ ಅಷ್ಟೇ ಕಣವ್ವ, ಉಣ್ಣಾದು ಒಟ್ಟಿಗೇ” ಅಂದರು. ಹೆಸರಿಗೆ ಬೇರೆ ಆದವರು ಮೂರನೇ ದಿನಕ್ಕೆ ಉಪ್ಪಿಗೆ ಬೇರೆ ಆದರು. ನಿಮ್ಮ ಅವ್ವ ಲಕ್ಷ್ಮಮ್ಮ ಬೀಸುವ ಕಲ್ಲು ಅತ್ತ ಎಳೆದರೆ, ನಿಮ್ಮ ಚಿಕ್ಕಮ್ಮ ಚೌಡಮ್ಮ ಒನಕೆ ಇತ್ತ ಎಳೆದಳು. ನಡುವೆ ಉಳಿದವಳು ನಾನು. ನನ್ನನ್ನು ತಿಂಗಳಿಗೆ ಒಬ್ಬರು ಅಂತ ಹಂಚಿಕೊಂಡರು. ಗೋಮಾಳಕ್ಕಿಂತ ಬೇಗ ನನ್ನ ಪಾಲಾಯಿತು. ಅಲ್ಲಿ ಸೆರೆಮನೆ ತೆರೆದ ಸಂಭ್ರಮದಲ್ಲಿ ಇದ್ದೀರಿ ಅಂತ ನಾನು ಇದನ್ನು ಬರೆಯಲಿಲ್ಲ. ಬರೆಯಬೇಕಿತ್ತು.

ಮೊನ್ನೆ ಸಭೆಯಾಯಿತು. ನಿಮ್ಮ ಎರಡು ಸಾಲು ಬರುತ್ತದೆ ಅಂತ ಕಾದೆ. ಬರಲಿಲ್ಲ. ಆದರೂ ಹೋದೆ. ಗೋಮಾಳದ ಮಾತು ಬಂದಾಗ ಎದ್ದು ನಿಂತೆ.

“ಏನ್ ದೊಡ್ಡವ್ವ?” ಅಂದ ಜಂಪಣ್ಣ.

“ಗೋಮಾಳ ಉಳಬಾರದು ಅಂತ ನನ್ನ ಮಾತು. ಬರ್ಕೋ.”

“ನಿಮ್ಮದು ಯಾವ ಒಲೆ?”

“ಈ ತಿಂಗಳು ಅಂಜಿನಪ್ಪಂದು.”

“ಹಂಗಾದ್ರೆ ಅಂಜಿನಪ್ಪ ಹೇಳ್ತಾನೆ. ಹೋದ ತಿಂಗಳಾಗಿದ್ರೆ ದಾಸಪ್ಪ ಹೇಳ್ತಿದ್ದ.”

ಎಲ್ಲರೂ ನಕ್ಕರು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರೂ ನೆಲ ನೋಡುತ್ತ ಕೂತಿದ್ದರು. ನಾನು ಬಿಡಲಿಲ್ಲ. “ಒಲೆ ಹೆಂಗಸಿಂದು. ಅದನ್ನ ಬರೆದೋನು ನನ್ನ ಮೊಮ್ಮಗ. ಅವನ್ನ ಕೇಳು” ಅಂದೆ.

“ಕೇಳೀನಿ” ಅಂದ. ಜೇಬಿನಿಂದ ನಿಮ್ಮ ಕಾಗದ ತೆಗೆದು ಓದಿದ. ‘ಒಲೆ ಎಂದರೆ ಆ ಒಲೆಯ ಯಜಮಾನನಾದ ಗಂಡಸು ಎಂದು ಸದ್ಯಕ್ಕೆ ಇಟ್ಟುಕೊಳ್ಳಬಹುದು. ಊರಿನ ಹೊರಗಿನ ಕೇರಿಯ ಒಲೆಗಳನ್ನು ಮುಂದೆ ಸೇರಿಸಿಕೊಳ್ಳಬಹುದು.’ ಕೆಳಗೆ ನಿಮ್ಮ ರುಜು, ಬಾಲ ಎಳೆದು ಬರೆಯುತ್ತೀರಲ್ಲ, ಅದೇ.

ನಾನು ಕೇಳಿದ ಎರಡು ಸಾಲು ಅವನಿಗೆ ಸಿಕ್ಕಿತು. ತಿಪ್ಪಮ್ಮ ಕಟ್ಟೆಯ ಕೆಳಗೆ ನಿಂತಿದ್ದಳು, ಸೆರಗು ಕೊಡವಿ ಹೊರಟು ಹೋದಳು. ದೀಪಾವಳಿ ಮುಗಿಯುತ್ತಲೇ ಗೋಮಾಳದಲ್ಲಿ ಮಾಗಿ ಉಳುಮೆ ಅಂತ ತೀರ್ಮಾನವಾಯಿತು.

ಸಭೆ ಮುಗಿದ ಮೇಲೆ ಜಂಪಣ್ಣ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದ: “ಹುಡುಗನ ಮ್ಯಾಲೆ ಸಿಟ್ಟು ಮಾಡ್ಬೇಡ್ರಿ ದೊಡ್ಡವ್ವ. ಹೊನ್ನಾಳಿಯಿಂದ ಅವನ ಹೆಸರು ಬೆಂಗಳೂರಿಗೆ ಹೋಗಾಕೆ ನಾನೂ ಒಂದು ಮಾತು ಹೇಳ್ಬೇಕಾಗೈತೆ.”

ನನ್ನ ಮಾತು ಕೊಟ್ಟು ಅವನ ಮಾತು ಕೊಂಡೆಯಾ ನಾಗೇಂದ್ರ? ಒಳ್ಳೆ ವ್ಯಾಪಾರ. ರಾಜ್ಯಾಂಗವನ್ನು ಬೆಂಗಳೂರಿನಲ್ಲೂ ಹೀಗೇ ಬರೆಯುತ್ತಾರೋ?

ಗಾದ್ರಮ್ಮ

*

ಬಿಳಿಚೋಡು
9–11–1947

ಅಜ್ಜಿ,

ನೀನು ನನ್ನನ್ನು ಬಹುವಚನದಲ್ಲಿ ಕರೆದದ್ದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು.

ಸದ್ಯಕ್ಕೆ ಎಂದು ಬರೆದಿದ್ದೆ. ಜಂಪಣ್ಣ ಆ ಪದವನ್ನು ಒತ್ತಿ ಓದಿರಲಿಕ್ಕಿಲ್ಲ. ಈಗ ಗಂಡಸರು ಒಡೆದು ನಿಂತರೆ ಪಟೇಲನೇ ತಿರುಗಿ ಬರುತ್ತಾನೆ, ಮೊದಲು ಊರು ಒಗ್ಗಟ್ಟಾಗಿ ನಿಲ್ಲಲಿ ಎಂಬುದಷ್ಟೇ ನನ್ನ ಉದ್ದೇಶ. ಕಟ್ಟಳೆಯನ್ನು ಮುಂದೆ ತಿದ್ದಬಹುದು. ಎಲ್ಲ ದೇಶಗಳಲ್ಲೂ ಹಾಗೆಯೇ ಮಾಡುತ್ತಾರೆ. ನನ್ನ ಹೆಸರಿನ ವಿಷಯ ಬೇರೆ, ಇದು ಬೇರೆ. ಎರಡನ್ನೂ ಒಂದಕ್ಕೊಂದು ಗಂಟು ಹಾಕಬೇಡ.

ಮನೆ ಒಡೆದದ್ದನ್ನು ಅಪ್ಪನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಚಿಕ್ಕಮ್ಮ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೆಯೇ? ನಿನಗೆ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಬೇಕೆಂದು ಅವಳಿಗೆ ಗೊತ್ತಿದೆಯೇ?

ವಿಧವೆಯರು ಬೇರೆ ಒಲೆ ಹೂಡಿದ್ದರೆ ಅವರನ್ನೂ ಎಣಿಸಬೇಕೆಂದು ಒಂದು ತಿದ್ದುಪಡಿ ಬರೆಯುತ್ತಿದ್ದೇನೆ. ಸ್ವಲ್ಪ ತಾಳು.

ನಾಗೇಂದ್ರ

*

ಸಣ್ಣಕೊಪ್ಪದ ಗೋಮಾಳ
21–11–1947

ನಾಗೇಂದ್ರ,

ನೀನು ತಿದ್ದುವವರೆಗೆ ತಾಳಿದ್ದರೆ ಇಲ್ಲಿ ಹುಲ್ಲಿನ ಬೇರೂ ಉಳಿಯುತ್ತಿರಲಿಲ್ಲ.

ದೀಪಾವಳಿಯ ಮಾರನೇ ದಿನ ಚೌಡಮ್ಮ ನನ್ನ ತಟ್ಟೆ ಇಡುವಾಗ, “ಈ ತಿಂಗಳು ಯಾಕೋ ಮುಗಿಯಂಗೇ ಇಲ್ಲ” ಅಂದಳು. ನನಗೆ ಅಂತ ಹೇಳಲಿಲ್ಲ, ಗೋಡೆಗೆ ಹೇಳಿದಳು. ನಾನು ತಟ್ಟೆ ಮಗುಚಿ ಇಟ್ಟು, ಒಂದು ಗಡಿಗೆ, ಒಂದಿಷ್ಟು ಹಿಟ್ಟು ಸೆರಗಿಗೆ ಕಟ್ಟಿಕೊಂಡು ಹೊರಟೆ. ಗೋಮಾಳದ ನಡುವೆ ಕಲ್ಲು ಜೋಡಿಸಿ ಒಲೆ ಹೂಡಿದೆ. ಆಡು ಮೇಯಿಸುತ್ತಿದ್ದ ತಿಪ್ಪಮ್ಮ ದೂರದಿಂದ ನೋಡಿ, “ಏನ್ರವ್ವ, ಅಡವಿಗೆ ಬಂದ್ರಾ?” ಅಂದಳು. “ಒಲೆಗೊಂದು ಮಾತಂತೆ, ನೀನೂ ಹೂಡು” ಅಂದೆ. ಅವಳು ಹೂಡಿದಳು. ಅವಳ ಕೇರಿಯವರು ಬಂದು ಹೂಡಿದರು. ಊರೊಳಗಿನ ಗಂಡ ಸತ್ತವರು, ಗಂಡ ಬಿಟ್ಟವರು, ಸೊಸೆ ಕೈಲಿ ಉಣ್ಣುವವರು ಒಬ್ಬೊಬ್ಬರೇ ಬಂದರು. ಒಂದು ಕಡೆ ನಮ್ಮವು, ಒಂದು ಕಡೆ ಅವರವು. ನಡುವೆ ಜಾಗ ಬಿಟ್ಟುಕೊಂಡೇ ಕೂತೆವು, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ನೇಗಿಲು ಬಂದವು. ಮುಂದೆ ಜಂಪಣ್ಣ, ಹಿಂದೆ ನಿನ್ನ ಅಪ್ಪ. ಎತ್ತು ನನ್ನ ಒಲೆಯ ಹತ್ತಿರ ಬಂದು ನಿಂತವು. ಗಡಿಗೆಯಲ್ಲಿ ಎಸರು ಕುದಿಯುತ್ತಿತ್ತು.

“ಗಡಿಗೆ ಇಳಿಸ್ರಿ ದೊಡ್ಡವ್ವ.”

“ಬೆಂದಿಲ್ಲ.”

“ಬೆಂದ ಮ್ಯಾಲೆ ಇಳಿಸ್ತೀರಾ?”

“ಬೆಂದ ಮ್ಯಾಲೆ ಇನ್ನೊಂದು ಇಡ್ತೀನಿ. ಅವಸರ ಇದ್ರೆ ನೀನೇ ನೀರು ಹುಯ್ಯಪ್ಪ. ನೇಗಿಲು ಹೊಡಿ.”

ನಿನಗೂ ಗೊತ್ತು, ಗಡಿಗೆ ಏರಿಸಿದ ಒಲೆಗೆ ನೀರು ಹುಯ್ಯುವುದು ಆ ಮನೆಯಲ್ಲಿ ಹೆಣ ಬಿದ್ದಾಗ. ನಮ್ಮ ಕಡೆ ಯಾವ ಗಂಡಸಿನ ಕೈಯೂ ಅದಕ್ಕೆ ಏಳುವುದಿಲ್ಲ. ಜಂಪಣ್ಣ ನಿನ್ನ ಅಪ್ಪನ ಮುಖ ನೋಡಿದ. ನಿನ್ನ ಅಪ್ಪ ಎತ್ತಿನ ಮುಖ ನೋಡಿದ. ಅಷ್ಟರಲ್ಲಿ ಜಂಪಣ್ಣನ ಹೆಂಡತಿ ದೊಡ್ಡಕ್ಕ ತಲೆಯ ಮೇಲೆ ಸೌದೆ ಹೊತ್ತು ಬಂದು ನನ್ನ ಪಕ್ಕ ಇಳಿಸಿದಳು. “ಯಾರಿಗಾದ್ರೂ ಹೊಗೆ ಸಾಲದಿದ್ರೆ ಹೇಳ್ರಿ” ಅಂದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟೊಂದು ಒಲೆ ಹಾಕಿಸಿದ್ದನಲ್ಲ, ಅವಳ ಸೊಂಟ ಇನ್ನೂ ನೆಟ್ಟಗಾಗಿಲ್ಲ.

ನೇಗಿಲು ತಿರುಗಿ ಹೋದವು. ಸಂಜೆ ಕಟ್ಟೆಯ ಮೇಲೆ ಹೊಸ ಸಾಲು ಸೇರಿಸಿದರಂತೆ: ಸೂರಿನ ಕೆಳಗಿರುವುದು ಮಾತ್ರ ಒಲೆ. ನಾವು ನಾಳೆ ಸೋಗೆ ಹೊದಿಸುತ್ತೇವೆ. ನಾಡಿದ್ದು ಬಾಗಿಲು ಇರಬೇಕು ಅನ್ನುತ್ತಾರೆ. ನೋಡು, ಮಾತು ಇದ್ದವರೇ ಕೂತು ಮಾತು ಯಾರಿಗಿರಬೇಕು ಅಂತ ಬರೆದರೆ, ಅವರಿಗೆ ಬರೆಯುವುದು ಮುಗಿಯುವುದೇ ಇಲ್ಲ.

ನಿನ್ನ ತಿದ್ದುಪಡಿ ನಿನ್ನ ಹತ್ತಿರವೇ ಇಟ್ಟುಕೋ. ವಿಧವೆಯರನ್ನು ಎಣಿಸುತ್ತಾನಂತೆ. ದೊಡ್ಡಕ್ಕನಿಗೆ ಮಾತು ಬರಬೇಕಾದರೆ ಜಂಪಣ್ಣ ಸಾಯಬೇಕೇನು?

ಊಟ ನಾನೇ ಮಾಡಿಕೊಳ್ಳುತ್ತೇನೆ. ರೊಟ್ಟಿ ನೀರಿನಲ್ಲಿ ನೆನೆದರೂ ಮೆತ್ತಗಾಗುತ್ತದೆ.

ಗಾದ್ರಮ್ಮ

*

ಬಿಳಿಚೋಡು
12–12–1947

ಅಜ್ಜಿ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಎದ್ದದ್ದೇ ಆಯಿತು. ಬರೆದದ್ದನ್ನೆಲ್ಲ ಹರಿದೆ.

ಹೊನ್ನಾಳಿಯಿಂದ ಬೇರೆ ಯಾರದೋ ಹೆಸರು ಹೋಯಿತು. ಇದನ್ನು ನಿನ್ನ ಮರುಕಕ್ಕಾಗಿ ಬರೆಯುತ್ತಿಲ್ಲ.

ಜಂಪಣ್ಣನವರಿಗೆ ಕೊಟ್ಟ ಕಾಗದವನ್ನು ಹಿಂದಕ್ಕೆ ಪಡೆದಿದ್ದೇನೆಂದು ಸಮಿತಿಗೆ ರಿಜಿಸ್ಟರ್ ಟಪಾಲಿನಲ್ಲಿ ಬರೆದು ಕಳಿಸಿದ್ದೇನೆ. ಊರಿಗೆ ಬರಲು ಮುಖವಿಲ್ಲ. ಬಾ ಎಂದು ನೀನೂ ಬರೆದಿಲ್ಲ.

ನಾಗೇಂದ್ರ

*

ಸಣ್ಣಕೊಪ್ಪದ ಗೋಮಾಳ
18–1–1948

ನಾಗೇಂದ್ರ,

ನಿನ್ನ ರಿಜಿಸ್ಟರ್ ಟಪಾಲು ಬಂತು. ಜಂಪಣ್ಣ ಅದನ್ನು ಸಭೆಯಲ್ಲಿ ಓದಲೇ ಇಲ್ಲ. ನಿನ್ನ ಮಾತಿಗೂ ಅವನ ಜೇಬಿನಲ್ಲೇ ಜಾಗ ಅಂತ ನಿನಗೂ ತಿಳಿಯಲಿ.

ಸಂಕ್ರಾಂತಿಗೆ ಮುಂಚೆ ಪಟೇಲ ತಿರುಗಿ ಬಂದ. ಸರ್ಕಾರ ಹೊಸದು, ಹುಕುಂ ಹಿಡಿದು ಬಂದವನು ಮಾತ್ರ ಹಳಬ. ನಿಮ್ಮ ಕಟ್ಟಳೆ ಕಾಗದದ ಚೂರು ಅಂದ, ಗೋಮಾಳ ನನ್ನ ಅನುಭೋಗದಲ್ಲಿದೆ ಅಂತ ಹೊನ್ನಾಳಿಗೆ ಅರ್ಜಿ ಹಾಕಿದ. ತಾಲ್ಲೂಕಿನ ಅಮಲ್ದಾರರೇ ಬಂದು ನೆಲದ ಮೇಲೆ ಯಾರಿದ್ದಾರೆ ಅಂತ ನೋಡಿ ವಿಚಾರಿಸುತ್ತಾರೆ ಅಂತ ಸುದ್ದಿಯಾಯಿತು. ನೆಲದ ಮೇಲೆ ಇದ್ದವರು ನಾವು. ಒಲೆ ಹೂಡಿ ಕೂತ ಹೆಂಗಸರು.

ಜಂಪಣ್ಣ ಸಮಿತಿಯನ್ನು ಕಟ್ಟಿಕೊಂಡು ಬಂದ. ಚಪ್ಪಲಿ ದೂರ ಬಿಟ್ಟಿದ್ದ.

“ದೊಡ್ಡವ್ವ, ಈ ಜಾಗ ಊರಿಂದು, ಊರೋರು ನಾವಿದೀವಿ ಅಂತ ನೀವೆಲ್ಲ ಅಮಲ್ದಾರರ ಮುಂದೆ ಹೇಳ್ಬೇಕು.”

“ನಾನು ಹೆಂಗೆ ಹೇಳಾಕೆ ಬರ್ತೈತಪ್ಪ? ಅಂಜಿನಪ್ಪನ್ನ ಕೇಳು. ಇಲ್ಲ, ಈ ತಿಂಗಳು ಯಾರ ಸರದಿಯೋ ನೋಡ್ಕೋ.”

“ಹಂಗೆ ಚುಚ್ಚಬೇಡ್ರಿ.”

ತಿಪ್ಪಮ್ಮ ಆ ಕಡೆಯಿಂದ, ತಗ್ಗಿದ ದನಿಯಲ್ಲೇ, “ನಮ್ಮವು ಊರ ಹೊರಗಿನ ಒಲೆ ಬುದ್ಧೀ. ಊರಿನ ಜಾಗ ಯಾರ್ದು ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?” ಅಂದಳು.

“ಏನ್ ಮಾಡ್ಬೇಕು ಹೇಳ್ರಿ” ಅಂದ ಜಂಪಣ್ಣ.

“ಮೊದಲು ಬರಿ. ಆಮೇಲೆ ಹೇಳ್ತೀವಿ.”

ನಾನು ಹೇಳಿದೆ, ಅವನು ಬರೆದ. ‘ಒಲೆ ಲೆಕ್ಕ ರದ್ದು. ಈ ಊರಿನಲ್ಲಿ, ಅದರ ಯಾವುದೇ ಕೇರಿಯಲ್ಲಿ ಉಣ್ಣುವ, ವಯಸ್ಸಿಗೆ ಬಂದ ಗಂಡಸು ಹೆಂಗಸು ಒಬ್ಬೊಬ್ಬರಿಗೂ ಸಭೆಯಲ್ಲಿ ಒಂದು ಮಾತು. ಗೋಮಾಳದ ವಿಷಯ ಹಾಗೆ ಕೂತ ಸಭೆಯೇ ಹೇಳಬೇಕು.’

ನಿನ್ನ ಅಪ್ಪನಿಗೆ ಆಗ ಬಾಯಿ ಬಂತು. “ಅವ್ವಾ, ಅತ್ತೆಗೂ ಒಂದು ಮಾತು ಸೊಸೆಗೂ ಒಂದು ಮಾತು ಅಂದ್ರೆ ಮನೆ ಹೆಂಗೆ ನಡೀತೈತೆ?”

“ಈಗ ನಡೀತಾ ಐತೇನೋ?” ಅಂದೆ.

ಆ ಸಾಲು ನನಗೂ ಸುಲಭದ್ದಲ್ಲ. ಚೌಡಮ್ಮನಿಗೂ ಒಂದು ಮಾತು ಅಂದರೆ ನನ್ನ ಎದೆ ಉರಿಯುತ್ತದೆ. ಆದರೆ ಅವಳನ್ನು ಬಿಟ್ಟು ಬರೆಯಲು ಹೊರಟರೆ ನಾನೂ ಜಂಪಣ್ಣನೇ. ಎಲ್ಲರೂ ರುಜು ಹಾಕಿದ ಮೇಲೆ ಕಾಗದ ತಿಪ್ಪಮ್ಮನ ಕೈಗೆ ಕೊಡಿಸಿದೆ. ಅದು ಅವಳ ಗುಡಿಸಲಲ್ಲೇ ಇದೆ. ಇನ್ನು ಅದಕ್ಕೆ ಒಂದು ಸಾಲು ಸೇರಿಸಬೇಕಾದರೂ ಗಂಡಸರು ಅವಳ ಬಾಗಿಲಿಗೆ ಹೋಗಬೇಕು.

ಅಮಲ್ದಾರರು ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಒಲೆಗಳ ನಡುವೆ ಓಡಾಡಿದರು. ಯಾರು ನೀವೆಲ್ಲ ಅಂತ ಕೇಳಿದಾಗ ಪಟೇಲ, “ಹೆಂಗಸರು ಸ್ವಾಮಿ, ಏನೋ ಹಟಕ್ಕೆ ಕುಂತಾವೆ” ಅಂದ. ನಾನು ಎದ್ದು, “ಊರು ಸ್ವಾಮಿ” ಅಂದೆ. ತಿಪ್ಪಮ್ಮ ಎದ್ದು ಅದನ್ನೇ ಅಂದಳು. ದೊಡ್ಡಕ್ಕ ಅಂದಳು. ಕೊನೆಗೆ ಚೌಡಮ್ಮನೂ ಎದ್ದಳು, ನನ್ನ ಕಡೆ ನೋಡದೆ. ಬರೆದುಕೊಂಡು ಹೋಗಿದ್ದಾರೆ. ತೀರ್ಪು ಬಂದಿಲ್ಲ. ಏನು ಬಂದರೂ ಒಲೆ ಆರಿಸುವುದಿಲ್ಲ ಅಂತ ನಮ್ಮ ಮೊದಲ ಸಭೆಯಲ್ಲೇ ಆಗಿದೆ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಬೆಂಗಳೂರಿನವರು ನಿನ್ನನ್ನು ಬಿಟ್ಟದ್ದಕ್ಕೆ ನನಗೆ ಮರುಕವೂ ಇಲ್ಲ. ಮುಖವಿಲ್ಲ ಅಂತ ಬರೆದಿದ್ದೀಯ, ಇರುವ ಮುಖವನ್ನೇ ಹೊತ್ತುಕೊಂಡು ಬಾ. ಹಸಿದು ಬಂದರೆ ಇಲ್ಲಿ ಉಣ್ಣು, ಬಡಿಸುತ್ತೇನೆ, ಆದರೆ ತುಟಿ ಬಿಚ್ಚುವುದಿಲ್ಲ. ನಿನಗೆ ಹೇಳಬೇಕಾದ್ದನ್ನು ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ. ನೀನು ನೋಡಬೇಕು ಅಂದಿದ್ದೆಯಲ್ಲ. ಬರುವ ಮಂಗಳವಾರ ಸಭೆ ಇದೆ. ಮೊದಲ ವಿಷಯ ನೀನೇ.

ಗಾದ್ರಮ್ಮ